ದೀಪಕ್ ವರ್ಗದ ತೈಲಪೂರೈಕೆ ನೌಕೆಗಳು

ಭಾರತೀಯ ನೌಕಾಪಡೆಯ ಎರಡು ತೈಲಪೂರೈಕೆ ಹಡಗುಗಳ ವರ್ಗ. ಇಟಲಿಯ ಫಿಂಕಾಂಟಿಯೇರಿ ಸಂಸ್ಥೆ ಕಟ್ಟಿದ ‘ದೀಪಕ್’ ಮತ್ತು ‘ಶಕ್ತಿ’ 2011ರಲ್ಲಿ ಸೇವೆಗೆ ಸೇರಿದವು. ಉದ್ದ ಸುಮಾರು 175 ಮೀಟರ್.

ಯುದ್ಧನೌಕೆಗಳು ಎಣ್ಣೆಗಾಗಿ ಬಂದರಿಗೆ ಮರಳಬೇಕಿಲ್ಲ ಎಂಬುದೇ ಇವುಗಳ ಹೆಚ್ಚುಗಾರಿಕೆ. ನಡುಗಡಲಲ್ಲಿ ತೈಲನೌಕೆಯೂ ಯುದ್ಧನೌಕೆಯೂ ಅಕ್ಕಪಕ್ಕ, ಒಂದೇ ವೇಗದಲ್ಲಿ ಸಾಗುತ್ತವೆ. ನಡುವೆ ಬಿಗಿದ ಉಕ್ಕಿನ ಹಗ್ಗದ ಮೇಲೆ ಕೊಳವೆ ಹಾಯಿಸಿ ಇಂಧನ ತುಂಬುತ್ತಾರೆ. ಅಲೆಯೆದ್ದಾಗ ಅಂತರ ಕಾಯ್ದುಕೊಳ್ಳಲು ಚುಕ್ಕಾಣಿ ಹಿಡಿದವರಿಗೆ ಅಪಾರ ನೈಪುಣ್ಯ ಬೇಕು.

ವಿಮಾನವಾಹಕ ‘ವಿಕ್ರಮಾದಿತ್ಯ’ ರಷ್ಯಾದಿಂದ ಹೊರಟು 2014ರ ಜನವರಿಯಲ್ಲಿ ಕಾರವಾರ ಮುಟ್ಟಿದ ಪಯಣದಲ್ಲಿ ದೀಪಕ್ ಜೊತೆಗಿತ್ತು.

ನೌಕಾಪಡೆಗಳಲ್ಲಿ ತೈಲನೌಕೆಗಳ ಬಳಕೆ ಹೊಸತೇನಲ್ಲ: ಹೊರನಾಡಿನ ಎಣ್ಣೆಯನ್ನೇ ನೆಚ್ಚಿದ್ದ ಜಪಾನಿನ ನೌಕಾಪಡೆ 1920ರ ದಶಕದಲ್ಲೇ ಶಿರೆಟೊಕೊ ವರ್ಗದ ತೈಲನೌಕೆಗಳನ್ನು ಕಟ್ಟಿಕೊಂಡಿತ್ತು. ಅದರ ಇನ್ನೊಂದು ತೈಲನೌಕೆ ‘ಕಮೋಯ್’ ತಯಾರಾದದ್ದು ಅಮೆರಿಕದಲ್ಲಿ, 1922ರಲ್ಲಿ.