ಇಟ್ಟಿಗೆ ಕೊಯ್ಯುವಾಗ ನೀರು ಎಲ್ಲಿ ಹೋಯ್ತು?

[ಗ್ರೈಂಡರ್ ಸದ್ದು]

ಈಗ ಕೇಳಿಸಿತಲ್ಲ, ಈ ಸದ್ದು ನಿಮಗೆ ಹೊಸದೇನಲ್ಲ. ಬೀದಿಯಲ್ಲಿ ಯಾರದೋ ಮನೆ ಏಳ್ತಾ ಇದ್ರೆ, ನಿಮ್ಮ ಆನ್‌ಲೈನ್ ಕ್ಲಾಸಿನ ಮಧ್ಯೆ ನುಗ್ಗೋದು ಇದೇ. ಆ್ಯಂಗಲ್ ಗ್ರೈಂಡರ್. ತುಂಬಾ ಜನ ಬರೀ ‘ಕಟಿಂಗ್ ಮಷೀನ್’ ಅಂತಾರೆ. ಅಂಗೈ ಅಗಲದ ಬ್ಲೇಡು, ಒಂದು ಪ್ಲಗ್ಗು, ಮುಗೀತು. ಗಿಡದ ಪಾತಿಗೆ ಅಂಚು ಕಟ್ಟೋಕೆ, ತುಳಸಿಕಟ್ಟೆ ರಿಪೇರಿಗೆ, ಮಹಡಿ ಮೇಲೆ ಒಂದು ಸಣ್ಣ ಒಲೆ ಕಟ್ಟೋಕೆ ಅಂತ ಈಗ ಎಷ್ಟೋ ಜನ ವಿಡಿಯೊ ನೋಡಿ ಮನೆಯಲ್ಲೇ ಇಟ್ಟಿಗೆ ಕೊಯ್ತಾರೆ. ನಾನೂ ಅವರಲ್ಲೊಬ್ಬ.

ಇಡ್ಲಿ ಹಿಟ್ಟು ರುಬ್ಬೋ ಯಂತ್ರಕ್ಕೂ ನಾವು ಗ್ರೈಂಡರ್ ಅಂತಲೇ ಕರೀತೀವಿ. ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅದರಲ್ಲಿ ನೀರಿದೆ, ಇದರಲ್ಲಿ ಇಲ್ಲ. ಇವತ್ತಿನ ಕತೆ ಇರೋದು ಆ ನೀರಿನಲ್ಲೇ.

ಮೊದಲು ಒಂದು ಸರಳ ಪ್ರಶ್ನೆ. ಇಟ್ಟಿಗೆಯನ್ನ ಕೊಯ್ಯೋದಾದ್ರೂ ಯಾಕೆ? ಬೇಕಾದ ಅಳತೆಗೇ ಸುಟ್ಟುಕೊಂಡ್ರೆ ಆಗಲ್ವಾ? ಆಗಲ್ಲ. ಒಂದು ಸಾಲಿನ ಸಂದಿಯ ಮೇಲೆ ಮುಂದಿನ ಸಾಲಿನ ಸಂದಿ ಬರಬಾರದು. ಬಂದ್ರೆ ಗೋಡೆ ಅಲ್ಲೇ ಸೀಳುತ್ತೆ. ಸಂದಿ ತಪ್ಪಿಸಬೇಕು ಅಂದ್ರೆ ಮೂಲೆಯಲ್ಲಿ ಎಲ್ಲೋ ಒಂದು ಕಡೆ ಅರ್ಧ, ಮುಕ್ಕಾಲು ಅಥವಾ ಉದ್ದಕ್ಕೆ ಸೀಳಿದ ಇಟ್ಟಿಗೆ ಬೇಕೇ ಬೇಕು.

ಈ ನಿಯಮ ಎಷ್ಟು ಹಳೆಯದು ಗೊತ್ತಾ? ಕ್ರಿಸ್ತಪೂರ್ವ ಕಾಲದ ಬೌಧಾಯನ ಶುಲ್ಬಸೂತ್ರದಲ್ಲಿದೆ. ಶುಲ್ಬ ಅಂದ್ರೆ ಹಗ್ಗ, ಅಳತೆಯ ಹಗ್ಗ. ಯಜ್ಞವೇದಿ ಕಟ್ಟೋ ಲೆಕ್ಕದ ಪುಸ್ತಕ ಇದು. ಅದರಲ್ಲಿ ಬರೋ ಶ್ಯೇನಚಿತಿ, ಅಂದ್ರೆ ಗಿಡುಗನ ಆಕಾರದ ವೇದಿ, ಐದು ಪದರದ್ದು. ಒಂದೊಂದು ಪದರಕ್ಕೆ 200 ಇಟ್ಟಿಗೆ, ಒಟ್ಟು 1000. ರೆಕ್ಕೆ ಬಾಗಬೇಕು, ಬಾಲ ಅಗಲ ಆಗಬೇಕು, ಆದರೆ ಮೇಲಿನ ಪದರದ ಸಂದಿ ಕೆಳಗಿನದರ ಮೇಲೆ ಕೂರಬಾರದು. ಚೌಕ ಇಟ್ಟಿಗೆಯೊಂದರಿಂದಲೇ ಇದು ಆಗೋ ಕೆಲಸ ಅಲ್ಲ. ಅದಕ್ಕೇ ಚೌಕವನ್ನ ಕರ್ಣದ ಮೇಲೆ ಭಾಗ ಮಾಡಿದ ತ್ರಿಕೋನ ಇಟ್ಟಿಗೆಗಳು, ಅದರ ಅರ್ಧ, ಅದರ ಕಾಲು ಎಲ್ಲ ಬರುತ್ತವೆ. ಹೈಸ್ಕೂಲಲ್ಲಿ ಪೈಥಾಗೊರಸ್ ಹೆಸರಲ್ಲಿ ಓದಿದ ಪ್ರಮೇಯ ಇದೇ ಪುಸ್ತಕದಲ್ಲಿ ಇರೋದು ಆಕಸ್ಮಿಕ ಅಂತ ನನಗಂತೂ ಅನ್ನಿಸಲ್ಲ.

ಇದಕ್ಕೂ ಹಿಂದಿನ ಸಿಂಧೂ ಕಣಿವೆಯವರು ಇನ್ನೊಂದು ದಾರಿ ಹಿಡಿದಿದ್ದರು. ಅವರ ಇಟ್ಟಿಗೆಯ ದಪ್ಪ, ಅಗಲ, ಉದ್ದ 1:2:4 ಲೆಕ್ಕದಲ್ಲಿ ಇರ್ತಿತ್ತು. ಎರಡು ಅಗಲ ಸೇರಿದರೆ ಒಂದು ಉದ್ದ. ಮೊಹೆಂಜೊದಾರೊದ ದುಂಡು ಬಾವಿಗಳಿಗೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಇರೋ ಬೆಣೆಯಾಕಾರದ ಇಟ್ಟಿಗೆಯನ್ನೇ ಅಚ್ಚು ಹಾಕಿದ್ದರು. ಸುಟ್ಟ ಮೇಲೆ ಪರದಾಡೋದಕ್ಕಿಂತ ಹಸಿ ಮಣ್ಣಿನಲ್ಲೇ ಆಕಾರ ಕೊಟ್ಟರಾಯ್ತು, ಅಲ್ವಾ?

ಬೆಂಗಳೂರಲ್ಲಿ ಮನೆ ಕಟ್ಟಿಸಿದವರು ‘ವೈರ್ ಕಟ್ ಇಟ್ಟಿಗೆ’ ಅನ್ನೋ ಮಾತು ಕೇಳಿರ್ತಾರೆ. ಅದೂ ಇದೇ ಉಪಾಯ. ಯಂತ್ರದಿಂದ ಹಸಿ ಮಣ್ಣು ಉದ್ದಕ್ಕೆ ಹೊರಗೆ ಬರುತ್ತೆ, ಬಿಗಿಯಾದ ತಂತಿ ಅದನ್ನ ಬೆಣ್ಣೆ ಥರ ಕೊಯ್ಯುತ್ತೆ. ಧೂಳಿಲ್ಲ, ಸದ್ದಿಲ್ಲ. ತೊಂದರೆ ಒಂದೇ. ಹಸಿ ಮಣ್ಣು ಒಣಗುವಾಗ ಕುಗ್ಗುತ್ತೆ, ಸುಡುವಾಗ ಇನ್ನೂ ಕುಗ್ಗುತ್ತೆ, ಒಮ್ಮೊಮ್ಮೆ ಸೊಟ್ಟ ಆಗುತ್ತೆ. ಕೊಯ್ದಾಗ ಇದ್ದ ಅಳತೆ ಗೂಡಿನಿಂದ ಈಚೆ ಬಂದಾಗ ಇರಲ್ಲ. ಕೂದಲೆಳೆಯಷ್ಟೂ ವ್ಯತ್ಯಾಸ ಬೇಡ ಅನ್ನೋನು ಸುಟ್ಟ ಮೇಲೇ ಕೊಯ್ಯಬೇಕು.

ಸುಟ್ಟ ಮೇಲೆ ಕೊಯ್ಯೋದನ್ನ ಇಂಗ್ಲೆಂಡಿನಲ್ಲಿ ಹುಚ್ಚಿನ ಮಟ್ಟಕ್ಕೆ ಬೆಳೆಸಿದರು. ಲಂಡನ್ ಹತ್ತಿರದ ಕ್ಯೂ ಅರಮನೆ, 1631ರದ್ದು, ಒಬ್ಬ ವ್ಯಾಪಾರಿ ಕಟ್ಟಿಸಿದ ಮನೆ. ಅದರ ಕಿಟಕಿ ಕಮಾನುಗಳಲ್ಲಿ ಈ ಕೆಲಸ ನೋಡಬಹುದು. ಮರಳು ಹೆಚ್ಚಿರೋ ಮೆದು ಇಟ್ಟಿಗೆಯನ್ನ ಬೇಕಾದ್ದಕ್ಕಿಂತ ದೊಡ್ಡದಾಗಿ ಸುಡೋದು, ಸಣ್ಣ ಕೊಡಲಿಯಂಥ ಹತಾರದಿಂದ ಕೆತ್ತೋದು, ಆಮೇಲೆ ಕಲ್ಲಿನ ಮೇಲೆ ಉಜ್ಜಿ ಉಜ್ಜಿ ಅಳತೆಗೆ ತರೋದು. ನುಣ್ಣನೆಯ ಸುಣ್ಣದ ಸಂದಿ ಒಂದೆರಡು ಮಿಲಿಮೀಟರ್ ಅಷ್ಟೆ. 19ನೇ ಶತಮಾನದಲ್ಲಿ ತಿರುಚಿದ ತಂತಿ ಕಟ್ಟಿದ ಬಿಲ್ಲಿನಂಥ ಗರಗಸ ಬಂತು. ನಿಜಕ್ಕೂ ಚೆಂದದ ಕೆಲಸ. ಆದ್ರೆ ಒಂದು ಕಮಾನಿಗೆ ಎಷ್ಟು ದಿನದ ಕೂಲಿ ಅಂತ ಕೇಳಿದರೆ ಅದು ಯಾರ ಮನೆಗೆ ಅಂತ ಅರ್ಥ ಆಗುತ್ತೆ.

ನಮ್ಮ ಮೇಸ್ತ್ರಿಗಳ ದಾರಿ ಬೇರೆ. ಎಡಗೈಯಲ್ಲಿ ಇಟ್ಟಿಗೆ, ಬಲಗೈಯಲ್ಲಿ ಕರಣೆ. ಕರಣೆಯ ಅಂಚಿನಿಂದ ಸುತ್ತಲೂ ಟಕ್ ಟಕ್ ಅಂತ ನಾಲ್ಕು ಏಟು, ಆಮೇಲೆ ಒಂದು ಜೋರು ಏಟು. ಇಟ್ಟಿಗೆ ಎರಡು. ಅಂಚು ಸೊಟ್ಟ ಇದ್ರೂ ಗಾರೆ ಮುಚ್ಚುತ್ತೆ, ಮೇಲೆ ಪ್ಲಾಸ್ಟರ್ ಬರುತ್ತೆ. ಚೂರುಗಳೂ ವ್ಯರ್ಥ ಆಗ್ತಿರಲಿಲ್ಲ, ತಾರಸಿಗೋ ಪಾಯಕ್ಕೋ ಹೋಗ್ತಿದ್ದವು. ಸುಟ್ಟ ಮಣ್ಣಿನ ಪುಡಿಗೆ ಸುರ್ಕಿ ಅಂತ ಹೆಸರಿದೆ. ಸುಣ್ಣದ ಜೊತೆ ಬೆರೆಸಿದ ಸುರ್ಕಿ ಗಾರೆ ಇವತ್ತಿಗೂ ನಮ್ಮ ಕೆಆರ್‌ಎಸ್ ಅಣೆಕಟ್ಟಿನ ಕಲ್ಲುಗಳನ್ನ ಹಿಡಿದುಕೊಂಡಿದೆ. ಪುಡಿ ಅಂದ್ರೆ ಆಗ ಆಸ್ತಿ.

ಇಲ್ಲಿಂದ ಕತೆಗೆ ಕರೆಂಟು ಬರುತ್ತೆ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಕಾರ್ಬೊರಂಡಮ್ ಮಾಡಿದ. ಅಲ್ಲಿಂದ ಗಟ್ಟಿ ವಸ್ತುಗಳನ್ನ ತೇಯೋದು ಅಗ್ಗ ಆಯ್ತು. 1922ರಲ್ಲಿ ಜರ್ಮನಿಯಲ್ಲಿ ಆಕರ್ಮನ್ ಮತ್ತು ಶ್ಮಿಟ್ ಅನ್ನೋ ಇಬ್ಬರು ಕಂಪನಿ ಶುರು ಮಾಡಿದರು, ಬಾಗುವ ದಂಡದ ತುದಿಯಲ್ಲಿ ತಿರುಗೋ ಕೈಗ್ರೈಂಡರ್ ಮಾಡಿದರು. ಫ್ಲೆಕ್ಸ್ ಅಂತ ಹೆಸರು. ನಾವು ಜೆರಾಕ್ಸ್ ಅನ್ನೋ ಹಾಗೆ ಜರ್ಮನ್ನರು ಇವತ್ತಿಗೂ ಯಾವ ಗ್ರೈಂಡರ್‌ಗಾದರೂ ಫ್ಲೆಕ್ಸ್ ಅಂತಲೇ ಕರೀತಾರೆ. ಅದೇ ಕಂಪನಿಯಿಂದ 1954ರಲ್ಲಿ ಇವತ್ತು ನಾವು ನೋಡೋ ವೇಗದ ಆ್ಯಂಗಲ್ ಗ್ರೈಂಡರ್ ಬಂತು. ಅದೇ ವರ್ಷ ಡಿಸೆಂಬರ್ 16ರಂದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಟ್ರೇಸಿ ಹಾಲ್ ಕೃತಕ ವಜ್ರ ಮಾಡಿದ. ತಿರುಗೋ ಯಂತ್ರ ಒಂದು ಖಂಡದಲ್ಲಿ, ಅದರ ಹಲ್ಲು ಇನ್ನೊಂದು ಖಂಡದಲ್ಲಿ, ಎರಡೂ ಒಂದೇ ವರ್ಷ. ನಿಮ್ಮ ಮನೆ ಪಕ್ಕದ ಹಾರ್ಡ್‌ವೇರ್ ಅಂಗಡಿಯ ಡೈಮಂಡ್ ಬ್ಲೇಡ್ ಈ ಇಬ್ಬರ ಮಗು.

ನಾಲ್ಕು ಇಂಚಿನ ಬ್ಲೇಡು ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ 200 ಕಿಲೋಮೀಟರ್ ದಾಟುತ್ತೆ. ಅದಕ್ಕೆ ಕೈಯ ಬಲ ಬೇಡ, ಸಹನೆ ಬೇಕು. ಇಲ್ಲೊಂದು ಗುಟ್ಟಿದೆ. ಈ ಬ್ಲೇಡು ಒಂದೂಕಾಲು ಇಂಚಿಗಿಂತ ಆಳ ಹೋಗಲ್ಲ, ಇಟ್ಟಿಗೆ ಮೂರು ಇಂಚು ದಪ್ಪ. ಹಾಗಾಗಿ ಒಂದೇ ಕಡೆಯಿಂದ ಕೊಯ್ಯೋಕೆ ಆಗಲ್ಲ. ಮೂಲೆಮಟ್ಟ ಇಟ್ಟು ನಾಲ್ಕೂ ಮುಖಕ್ಕೆ ಗೆರೆ ಎಳೀಬೇಕು. ನಮ್ಮ ಕೈಅಚ್ಚಿನ ಇಟ್ಟಿಗೆಯ ಎರಡು ತುದಿ ಸಮ ಇರಲ್ಲ, ಅದಕ್ಕೆ ನಾಲ್ಕು ಗೆರೆಯನ್ನೂ ಒಂದೇ ತುದಿಯಿಂದ ಅಳೀಬೇಕು. ಮೊದಲ ಸುತ್ತು ಬರೀ ಎರಡು ಮೂರು ಮಿಲಿಮೀಟರ್ ಆಳ, ಬ್ಲೇಡಿಗೆ ಜಾಡು ಸಿಗೋಷ್ಟು. ಆಮೇಲೆ ಅದೇ ಜಾಡಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಒಂದು ಇಂಚಿನವರೆಗೆ. ನಾಲ್ಕೂ ಕಡೆ ಆದ ಮೇಲೆ ಒಳಗೆ ಉಳಿಯೋ ತಿರುಳು ಅಗಲ ಉಳಿಯ ಒಂದೇ ಏಟಿಗೆ ಮುರಿಯುತ್ತೆ, ಹೊರಗಿನ ಅಂಚು ಚಾಕುವಿನಲ್ಲಿ ಕೊಯ್ದ ಹಾಗಿರುತ್ತೆ. ಇಟ್ಟಿಗೆಯನ್ನ ಪಾದದಡಿ ಒತ್ತಿ ಹಿಡಿದು ಕೊಯ್ಯೋ ವಿಡಿಯೊಗಳಿವೆ. ದಯವಿಟ್ಟು ಬೇಡ. ಮರಳು ತುಂಬಿದ ಟ್ರೇಯಲ್ಲಿ ಕೂರಿಸಿ, ಗಾರ್ಡ್ ಬಿಚ್ಚಬೇಡಿ, ಎರಡೂ ಕೈ ಯಂತ್ರದ ಮೇಲಿರಲಿ.

ಕರಣೆ ಏಟಿಗೆ ಬೀಳೋದು ಚೂರು, ಅದು ನೆಲಕ್ಕೆ ಬಿತ್ತು, ಅಲ್ಲಿಗೆ ಮುಗೀತು. ಡೈಮಂಡ್ ಬ್ಲೇಡು ನಿಜವಾಗಿ ಕೊಯ್ಯಲ್ಲ, ಅರೆಯುತ್ತೆ. ಎರಡು ಮಿಲಿಮೀಟರ್ ಅಗಲದ ಸೀಳಿನಲ್ಲಿ ಇದ್ದದ್ದೆಲ್ಲ ಪುಡಿ. ನಾನು ಲೆಕ್ಕ ಹಾಕಿದೆ: ಈಗ ಹೇಳಿದ ಥರ ಒಂದು ಇಟ್ಟಿಗೆ ಅಡ್ಡ ಕೊಯ್ದರೆ ಸುಮಾರು 20 ಗ್ರಾಂ. ಮಣ್ಣಿನಲ್ಲಿ ಮರಳಿದೆ, ಮರಳಿನಲ್ಲಿ ಸಿಲಿಕಾ ಇದೆ. ಅಮೆರಿಕದಲ್ಲಿ 2016ರಲ್ಲಿ ಬಂದ ನಿಯಮ ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೊಗ್ರಾಂ ಸಣ್ಣ ಸಿಲಿಕಾ ಮಾತ್ರ ಇರಬಹುದು ಅನ್ನುತ್ತೆ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಗೆ ಇದು ಒಂದೂವರೆ ಮಿಲಿಗ್ರಾಂಗಿಂತ ಕಮ್ಮಿ. ನಿಮ್ಮ 20 ಗ್ರಾಂನಲ್ಲಿ ಸಾವಿರದಲ್ಲಿ ಒಂದೇ ಪಾಲು ಅಂಥ ಸಣ್ಣ ಸಿಲಿಕಾ ಅಂತ ಇಟ್ಕೊಂಡ್ರೂ, ಅದು ಗಾಳಿಯಲ್ಲಿ ತೇಲೋ ಅಷ್ಟು ಹೊತ್ತು, ಆ ಕೋಣೆಯಲ್ಲಿ ಮಿತಿಯ ಹದಿನಾಲ್ಕು ಪಟ್ಟು. ಒಂದೇ ಇಟ್ಟಿಗೆಗೆ!

ಮನುಷ್ಯನಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. 1556ರಲ್ಲಿ ಅಚ್ಚಾದ ಅಗ್ರಿಕೋಲಾನ ಗಣಿ ಪುಸ್ತಕದಲ್ಲೇ ಕಾರ್ಪೇಥಿಯನ್ ಬೆಟ್ಟದ ಗಣಿಗಳ ಕಡೆ ಏಳು ಗಂಡಂದಿರನ್ನ ಕಳ್ಕೊಂಡ ಹೆಂಗಸರ ಮಾತು ಬರುತ್ತೆ. 1890ರ ದಶಕದ ಕೊನೆಗೆ ಜಾನ್ ಲೇನರ್ ಅನ್ನೋ ಅಮೆರಿಕನ್, ಟೊಳ್ಳು ಸರಳಿನ ಮೂಲಕ ಗಾಳಿ ಊದೋ ಬಂಡೆ ಕೊರೆಯುವ ಯಂತ್ರ ಮಾಡಿದ. ಎಷ್ಟು ಧೂಳು ಎದ್ದಿತು ಅಂದ್ರೆ ಗಣಿಯವರು ಮುಟ್ಟಲ್ಲ ಅಂದರು. ಅಂಥ ಒಣ ಯಂತ್ರಗಳಿಗೆ ಅವರಿಟ್ಟ ಅಡ್ಡಹೆಸರು ‘ವಿಧವೆಯರನ್ನ ಮಾಡುವ ಯಂತ್ರ’. ಲೇನರ್ ಅದೇ ಟೊಳ್ಳಿನಲ್ಲಿ ಗಾಳಿ ಬದಲು ನೀರು ಹರಿಸಿದ. ಧೂಳು ಕೆಸರಾಗಿ ಕೆಳಗೆ ಇಳೀತು.

ನಮ್ಮ ಕತೆ ಕೋಲಾರದಲ್ಲಿದೆ. ಸಿನಿಮಾದ ಕೆಜಿಎಫ್ ಅಲ್ಲ, ನಿಜವಾದದ್ದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹೋಗಿದ್ದು ಬೆಂಗಳೂರಿಗಲ್ಲ, ಅಲ್ಲಿನ ಚಿನ್ನದ ಗಣಿಗೆ. ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರದಲ್ಲಿ. ಬೆಣಚು ಅಂದ್ರೆ ಸಿಲಿಕಾನೇ. 1940ರ ದಶಕದಲ್ಲಿ ಅಲ್ಲಿನ ಸಾವಿರಾರು ಕಾರ್ಮಿಕರನ್ನ ಪರೀಕ್ಷೆ ಮಾಡಿದಾಗ ನೂರಕ್ಕೆ 40ಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡಿತು. ಶ್ವಾಸಕೋಶ ಗಂಟುಗಂಟಾಗಿ ಗಟ್ಟಿಯಾಗೋ ಕಾಯಿಲೆ, ಅದನ್ನ ವಾಸಿ ಮಾಡೋ ಔಷಧ ಇವತ್ತಿಗೂ ಇಲ್ಲ, ಜೊತೆಗೆ ಕ್ಷಯ ಬೇಗ ಅಂಟುತ್ತೆ. ಮೈಸೂರು ಸರ್ಕಾರ 1940ರಲ್ಲೇ ಸಿಲಿಕೋಸಿಸ್ ನಿಯಮ ತಂದು, ಈ ಕಾಯಿಲೆಯನ್ನ ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲೂ ಅದು ಸೇರಿತು.

ಆದ್ರೆ ನಿಮ್ಮ ಮನೆ ಕಾರ್ಖಾನೆ ಅಲ್ಲ. ಪಕ್ಕದ ಸೈಟೂ ಅಲ್ಲ. ಲೇನರ್ ತಂದ ನೀರು ಗಣಿಗೆ ಬಂತು, ದೊಡ್ಡ ಮೇಜು ಗರಗಸಗಳಿಗೆ ಬಂತು, ಕೈಯಲ್ಲಿ ಹಿಡಿಯೋ ಮೂರು ಸಾವಿರದ ಯಂತ್ರಕ್ಕೆ ಬರಲಿಲ್ಲ. ಕಾರಣ ಮಕ್ಕಳಿಗೂ ಗೊತ್ತು: 230 ವೋಲ್ಟ್ ಪ್ಲಗ್ಗಿಗೂ ನೀರಿಗೂ ಆಗಿಬರಲ್ಲ. ನೀರಿಗೆಂದೇ ಮಾಡಿದ ಕೈಯಂತ್ರಗಳಿವೆ, ದುಬಾರಿ.

ತಿಂಗಳಿಗೆ ನಾಲ್ಕು ಇಟ್ಟಿಗೆ ಕೊಯ್ಯೋ ನನಗೋ ನಿಮಗೋ ಇದರಿಂದ ಸಿಲಿಕೋಸಿಸ್ ಬರೋದು ಕಷ್ಟ. ನನಗೆ ಚಿಂತೆ ಇರೋದು ಬೇರೆಯವನ ಬಗ್ಗೆ. ಮೇಸ್ತ್ರಿ ಜೊತೆ ಬರೋ ಹುಡುಗ, ಮೂಗಿಗೆ ಕರ್ಚೀಫ್ ಕಟ್ಟಿ, ದಿನಪೂರ್ತಿ ಇಟ್ಟಿಗೆ, ಟೈಲ್ಸ್, ಗ್ರಾನೈಟ್ ಕೊಯ್ಯೋನು. ಬಟ್ಟೆಯಲ್ಲಿ ಆ ಧೂಳು ನಿಲ್ಲಲ್ಲ. ಕಾಯಿಲೆ ಕಾಣಿಸೋದು ಸಾಮಾನ್ಯವಾಗಿ ಹತ್ತು ವರ್ಷ ಕಳೆದ ಮೇಲೆ, ಅಷ್ಟರಲ್ಲಿ ಅವನು ಇಪ್ಪತ್ತು ಸೈಟು ಬದಲಾಯಿಸಿರ್ತಾನೆ. ಯಾರ ಮನೆಯ ಧೂಳು ಅಂತ ಯಾರು ಹೇಳ್ತಾರೆ? ಕಾರ್ಮಿಕರು ಹೀಗೆ ಕಾಯಿಲೆ ಬಿದ್ದದ್ದು ಎದ್ದು ಕಂಡ ಮೇಲೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಡುಗೆಮನೆ ಕಟ್ಟೆಗೆ ಹಾಕೋ ಕೃತಕ ಕಲ್ಲನ್ನೇ ನಿಷೇಧ ಮಾಡಿತು.

ನಮ್ಮಲ್ಲಿ ಹಳೇ ಮೇಸ್ತ್ರಿಗಳ ಒಂದು ಅಭ್ಯಾಸ ಇದೆ, ನೀವು ನೋಡಿರ್ತೀರಿ. ಒಣ ಇಟ್ಟಿಗೆ ಗಾರೆಯ ನೀರನ್ನ ಹೀರುತ್ತೆ ಅಂತ, ಕಟ್ಟೋಕೆ ಮುಂಚೆ ಇಟ್ಟಿಗೆಯನ್ನ ತೊಟ್ಟಿಯಲ್ಲಿ ನೆನೆ ಹಾಕ್ತಾರೆ. ಅದೇ ಇಟ್ಟಿಗೆಯನ್ನ ನೆನೆಸಿದ ಮೇಲೆ, ಮೇಲ್ನೀರು ಇಳಿಯೋಕೆ ಬಿಟ್ಟು ಕೊಯ್ದು ನೋಡಿ. ಧೂಳು ಪೂರ್ತಿ ನಿಲ್ಲಲ್ಲ, ಆದ್ರೆ ಬಹಳ ಕಮ್ಮಿ. ಮಷೀನಿಗೆ ನೀರು ಹಾಕಬೇಡಿ, ಲೈನಿಗೆ ಆರ್‌ಸಿಸಿಬಿ ಇರಲಿ, ಕೆಲಸ ಬಯಲಲ್ಲಿ ನಡೀಲಿ. ಕೋವಿಡ್ ಕಾಲದಲ್ಲಿ ತಂದ ಎನ್95 ಮಾಸ್ಕ್ ಡ್ರಾಯರಲ್ಲಿ ಉಳಿದಿದ್ದರೆ ಎರಡು ಹೊರಗೆ ತೆಗೀರಿ. ಒಂದು ನಿಮಗೆ, ಇನ್ನೊಂದು ಆ ಹುಡುಗನಿಗೆ.