ಧನ ಮತ್ತು ಋಣ ಸಂಖ್ಯೆಗಳು: ಸಂಖ್ಯಾರೇಖೆಯ ಮೂಲಕ ಮಕ್ಕಳಿಗೆ ಬೋಧನೆ

(ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಪೋಷಕರ ಮಾಹಿತಿಗಾಗಿ)

ಪೀಠಿಕೆ

ಹಿರಿಯ ಪ್ರಾಥಮಿಕ ತರಗತಿಗಳ ಗಣಿತದಲ್ಲಿ ಪೂರ್ಣಾಂಕಗಳ ಪಾಠವು ಮಹತ್ವದ ಘಟ್ಟವಾಗಿರುತ್ತದೆ. ಅಲ್ಲಿಯವರೆಗೆ ವಸ್ತುಗಳನ್ನು ಎಣಿಸಿ ಸಂಖ್ಯೆಯನ್ನು ಅರಿತ ಮಗುವು ಸೊನ್ನೆಗಿಂತ ಚಿಕ್ಕದಾದ ಸಂಖ್ಯೆಯನ್ನು ಇಲ್ಲಿ ಕಲಿಯಬೇಕಾಗುತ್ತದೆ. 7 ಎಂಬುದು 3ಕ್ಕಿಂತ ದೊಡ್ಡದಾದುದರಿಂದ −7 ಸಹ −3ಕ್ಕಿಂತ ದೊಡ್ಡದೆಂದು ಅನೇಕ ಮಕ್ಕಳು ಭಾವಿಸುತ್ತಾರೆ. ಈ ತಪ್ಪು ತಿಳಿವಳಿಕೆಯು ಆಗಲೇ ಸರಿಹೋಗದಿದ್ದಲ್ಲಿ ಪ್ರೌಢಶಾಲೆಯ ಬೀಜಗಣಿತ ಹಾಗೂ ನಕ್ಷೆಗಳ ಕಲಿಕೆಗೆ ತೊಡಕಾಗುತ್ತದೆ.

ಹೆಸರಿನ ಹಿನ್ನೆಲೆ

ಧನ ಎಂದರೆ ಸ್ವತ್ತು. ಋಣ ಎಂದರೆ ಸಾಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಧನ, ಋಣ ಮತ್ತು ಶೂನ್ಯಗಳ ಲೆಕ್ಕದ ನಿಯಮಗಳನ್ನು ನಿರೂಪಿಸಿದನು. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ಸಂಸ್ಕೃತ ಕೃತಿ ‘ಗಣಿತಸಾರಸಂಗ್ರಹ’ದಲ್ಲಿ ಈ ನಿಯಮಗಳನ್ನು ವಿವರಿಸಿ, ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ತಿಳಿಸಿದ್ದಾನೆ. ಕೈಯಲ್ಲಿ 30 ರೂಪಾಯಿ ಇದ್ದು 50 ರೂಪಾಯಿ ಸಾಲವಿದ್ದಲ್ಲಿ, 30 + (−50) = −20; ಅಂದರೆ ಇನ್ನೂ 20 ರೂಪಾಯಿ ಸಾಲ ಉಳಿಯುತ್ತದೆ.

ಸಂಖ್ಯಾರೇಖೆ ಎಂದರೇನು?

ಸಮಾನ ಅಂತರದಲ್ಲಿ ಗುರುತು ಹಾಕಿದ ನೇರ ಗೆರೆಯೇ ಸಂಖ್ಯಾರೇಖೆ.

−4  −3  −2  −1  0  +1  +2  +3  +4

ಸೊನ್ನೆಯ ಬಲಕ್ಕೆ ಧನ ಸಂಖ್ಯೆಗಳು, ಎಡಕ್ಕೆ ಋಣ ಸಂಖ್ಯೆಗಳು ಇರುತ್ತವೆ. ಸೊನ್ನೆಯು ಧನವೂ ಅಲ್ಲ, ಋಣವೂ ಅಲ್ಲ. ಯಾವುದೇ ಎರಡು ಸಂಖ್ಯೆಗಳಲ್ಲಿ ಬಲಕ್ಕಿರುವುದೇ ದೊಡ್ಡದು.

ಉದಾಹರಣೆ 1: ಕೆರೆಯ ನೀರು

ಕೆರೆಯ ಕೋಡಿಯ ಮಟ್ಟವನ್ನು ಸೊನ್ನೆ ಎಂದು ಇಟ್ಟುಕೊಳ್ಳಬಹುದು. ನೀರು ಕೋಡಿಗಿಂತ 3 ಅಡಿ ಕೆಳಗಿದ್ದರೆ −3. 7 ಅಡಿ ಕೆಳಗಿದ್ದರೆ −7. ಎರಡನೆಯ ಸಂದರ್ಭದಲ್ಲಿ ನೀರಿನ ಮಟ್ಟ ಇನ್ನೂ ಕೆಳಗಿರುವುದರಿಂದ −7 ಚಿಕ್ಕದೆಂಬುದು ಮಗುವಿಗೆ ತಾನಾಗಿಯೇ ತಿಳಿಯುತ್ತದೆ. ಕೆರೆ ತುಂಬಿ ಕೋಡಿಯ ಮೇಲೆ 1 ಅಡಿ ನೀರು ಹರಿದರೆ +1. ಮಟ್ಟವು −3ರಿಂದ +1ಕ್ಕೆ ಬಂದಲ್ಲಿ ಏರಿಕೆಯು 1 − (−3) = 4 ಅಡಿ.

ಉದಾಹರಣೆ 2: ರಸ್ತೆಯ ದೂರ

ಗುಬ್ಬಿಯಿಂದ ತುಮಕೂರಿನ ಮೂಲಕ ಕುಣಿಗಲ್‌ಗೆ ಹೋಗುವ ರಸ್ತೆಯನ್ನು ಒಂದೇ ನೇರ ಗೆರೆಯೆಂದು ಭಾವಿಸಿ, ತುಮಕೂರನ್ನು ಸೊನ್ನೆಯಲ್ಲಿ ಗುರುತಿಸಬಹುದು. ಸುಮಾರು 20 ಕಿ.ಮೀ. ದೂರದ ಗುಬ್ಬಿಯು −20ರಲ್ಲಿ, ಸುಮಾರು 36 ಕಿ.ಮೀ. ದೂರದ ಕುಣಿಗಲ್ +36ರಲ್ಲಿ ಬರುತ್ತವೆ. ಇವೆರಡರ ನಡುವಣ ಪ್ರಯಾಣದ ದೂರ 36 − (−20) = 56 ಕಿ.ಮೀ. ಇಲ್ಲಿ ಋಣ ಚಿಹ್ನೆಯು ದಿಕ್ಕನ್ನು ಮಾತ್ರ ಸೂಚಿಸುತ್ತದೆ. ಗುಬ್ಬಿಯನ್ನೇ ಸೊನ್ನೆಯೆಂದು ಇಟ್ಟುಕೊಂಡರೂ ಈ ದೂರ ಬದಲಾಗುವುದಿಲ್ಲ.

ಕಲಿಸುವಾಗ ಗಮನಿಸಬೇಕಾದ ಅಂಶಗಳು

1. ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಮಗುವನ್ನು ನಡೆಸುವುದು. ಧನ ಸಂಖ್ಯೆಯನ್ನು ಕೂಡುವಾಗ ಬಲಕ್ಕೆ, ಋಣ ಸಂಖ್ಯೆಯನ್ನು ಕೂಡುವಾಗ ಎಡಕ್ಕೆ ಹೆಜ್ಜೆ ಇಡಿಸುವುದು.
2. ಲೆಕ್ಕ ಮಾಡುವ ಮೊದಲು ಸೊನ್ನೆ ಯಾವುದೆಂದು ಮಗುವಿನಿಂದಲೇ ಹೇಳಿಸುವುದು.
3. ಕಳೆಯುವ ಚಿಹ್ನೆ ಮತ್ತು ಋಣ ಚಿಹ್ನೆ ನೋಡಲು ಒಂದೇ ಆದರೂ ಮೊದಲನೆಯದು ಕ್ರಿಯೆ, ಎರಡನೆಯದು ಸ್ಥಾನ ಎಂಬುದನ್ನು ತಿಳಿಸುವುದು.
4. ಗೆರೆಯ ಮೇಲೆ ಅರ್ಥವಾದ ನಂತರವೇ ನಿಯಮಗಳನ್ನು ಕಂಠಪಾಠ ಮಾಡಿಸುವುದು.

ಪೋಷಕರು ಯಾರನ್ನು ಸಂಪರ್ಕಿಸಬೇಕು?

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ 24ನೇ ಪ್ರಕರಣದನ್ವಯ, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅವಶ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ಮಾಡುವುದು ಹಾಗೂ ಪೋಷಕರೊಂದಿಗೆ ನಿಯತವಾಗಿ ಸಭೆ ನಡೆಸುವುದು ಶಿಕ್ಷಕರ ಕರ್ತವ್ಯವಾಗಿರುತ್ತದೆ. ಮಗುವು ಈ ಪಾಠದಲ್ಲಿ ಹಿಂದುಳಿದಿದ್ದಲ್ಲಿ ಪೋಷಕರು ಮೊದಲು ಗಣಿತ ಶಿಕ್ಷಕರನ್ನು, ನಂತರ ಮುಖ್ಯ ಶಿಕ್ಷಕರನ್ನು ಭೇಟಿ ಮಾಡಬಹುದು. ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಗಮನಕ್ಕೂ ತರಬಹುದು. ಪರಿಹಾರ ದೊರೆಯದಿದ್ದಲ್ಲಿ ಸಂಬಂಧಪಟ್ಟ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಗೆ ಮಗುವಿನ ತರಗತಿ, ಶಾಲೆಯ ಹೆಸರು ಮತ್ತು ಸಮಸ್ಯೆಯ ವಿವರಗಳೊಂದಿಗೆ ಲಿಖಿತ ಮನವಿ ಸಲ್ಲಿಸಬಹುದು.