ಅಶೋಕನ ಕಣ್ಣೀರು ಮತ್ತು ಆ ಒಂದೂವರೆ ಲಕ್ಷ ಜನ



ಕಳಿಂಗ ಯುದ್ಧದ ಕಥೆ ನಮಗೆಲ್ಲ ಬಾಯಿಪಾಠ. ಅಶೋಕ ಗೆದ್ದ, ಹೆಣಗಳ ರಾಶಿ ನೋಡಿದ, ಕತ್ತಿ ಬಿಸಾಕಿದ, ಬುದ್ಧನ ದಾರಿ ಹಿಡಿದ. ಶಾಲೆಯ ಪಾಠ, ಗ್ಯಾದರಿಂಗಿನ ನಾಟಕ, ಕಾದಂಬರಿ, ಸಿನಿಮಾ ಎಲ್ಲದರಲ್ಲೂ ಇದೇ. 2001ರ ಹಿಂದಿ ಸಿನಿಮಾದಲ್ಲಂತೂ ನಾಯಕಿ ಕಳಿಂಗದ ರಾಜಕುಮಾರಿ. ಶಾಸನದಲ್ಲಿ ಇರೋ ಕಾರುವಾಕಿ ಅಶೋಕನ ಎರಡನೇ ರಾಣಿ, ತೀವರನ ತಾಯಿ, ಅಷ್ಟೇ. ಕಳಿಂಗದ ನಂಟು ಕಟ್ಟಿದ್ದು ಕಥೆಗಾರರು. ಕಥೆ ಅಂದ್ಮೇಲೆ ಕಟ್ಟಲಿ ಬಿಡಿ. ನನ್ನ ತಕರಾರು ಬೇರೆ. ಈ ಎಲ್ಲ ಕಥೆಗಳೂ ಕೊನೆಗೆ ಬಂದು ನಿಲ್ಲೋದು ರಾಜನ ಮುಖದ ಮುಂದೆ. ಸತ್ತವರು ಅವನ ಕಣ್ಣೀರಿಗೆ ಕಾರಣ ಆಗ್ತಾರೆ, ಅಲ್ಲಿಗೆ ಅವರ ಪಾತ್ರ ಮುಗೀತು.

ಒಂದು ವಿಷಯ ಗಮನಿಸಿ. ಹಳೆಯ ಬೌದ್ಧ ಗ್ರಂಥಗಳಾದ ಅಶೋಕಾವದಾನ, ಮಹಾವಂಸ ಎರಡರಲ್ಲೂ ಅಶೋಕನನ್ನ ಬದಲಿಸಿದ್ದು ಕಳಿಂಗ ಯುದ್ಧ ಅಂತ ಇಲ್ಲ. ಸನ್ಯಾಸಿಯೊಬ್ಬನ ಪ್ರಭಾವದಿಂದ ಆತ ಬದಲಾದ ಅಂತ ಅವು ಹೇಳ್ತಾವೆ. ಕಳಿಂಗದ ಲೆಕ್ಕ ನಮಗೆ ಸಿಕ್ಕಿದ್ದು ಅಶೋಕನೇ ಕೆತ್ತಿಸಿದ 13ನೇ ಬಂಡೆ ಶಾಸನದಿಂದ. ಅದೂ 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದ ಮೇಲೆ.

ಆ ಲೆಕ್ಕ ಹೀಗಿದೆ: ಯುದ್ಧದಲ್ಲಿ ಕೊಲ್ಲಲ್ಪಟ್ಟವರು 1,00,000. ಅದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು. ಊರಿಂದ ಕಿತ್ತು ಸಾಗಿಸಲ್ಪಟ್ಟವರು 1,50,000.

ಸತ್ತವರ ಬಗ್ಗೆ ಎಲ್ಲರೂ ಮಾತಾಡ್ತಾರೆ. ಬದುಕಿದ್ದ ಆ ಒಂದೂವರೆ ಲಕ್ಷ ಜನ ಎಲ್ಲಿಗೆ ಹೋದರು?

ಶಾಸನದಲ್ಲಿ ಅವರಿಗೆ ಬಳಸಿರೋ ಪದದ ಅರ್ಥ 'ಹೊತ್ತೊಯ್ದವರು'. ಅದೇ ಧಾತುವಿನ ಪದ ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಬರುತ್ತೆ: ಬೇರೆ ದೇಶದಿಂದ ಜನರನ್ನ ತಂದು ಹೊಸ ಹಳ್ಳಿ ಕಟ್ಟಿಸಬೇಕು, ಅಲ್ಲಿ ಹೆಚ್ಚಾಗಿ ಶೂದ್ರ ರೈತರೇ ಇರಬೇಕು ಅನ್ನೋ ಜಾಗದಲ್ಲಿ. ಕಳಿಂಗದವರನ್ನ ಹೀಗೇ ಕಾಡು ಕಡಿದು ಹೊಲ ಮಾಡೋಕೆ ಒಯ್ದಿರಬೇಕು ಅನ್ನೋದು ಡಿ.ಡಿ. ಕೋಸಂಬಿ ಅವರಂಥ ಇತಿಹಾಸಕಾರರ ಊಹೆ. ಊಹೆಯೇ ಇರಲಿ, ಪ್ರಶ್ನೆಯಂತೂ ನಮ್ಮದು. ಕುಷ್ಟಗಿ, ಯಲಬುರ್ಗಾದಿಂದ ಗುಳೆ ಹೋಗೋ ಜನಕ್ಕೆ ಇದು ಬೇಗ ತಿಳಿಯುತ್ತೆ. ಗಾಡಿ ಹತ್ತಿಸುವವನು ಹೆಸರು ಕೇಳೋದಿಲ್ಲ, ಆಳು ಎಷ್ಟು ಅಂತ ಕೇಳ್ತಾನೆ.

ಇನ್ನೂ ಇದೆ. ಅಶೋಕ ಪಶ್ಚಾತ್ತಾಪ ಪಟ್ಟಿದ್ದು ನಿಜ. ಇಷ್ಟು ಸಾವಿನ ಸಾವಿರದಲ್ಲೊಂದು ಪಾಲು ಆದರೂ ಈಗ ತನಗೆ ನೋವು ಅಂತಾನೆ. ಗೆದ್ದ ರಾಜ ತನ್ನ ಗೆಲುವನ್ನ ಹೀಗೆ ದುಃಖ ಅಂತ ಕಲ್ಲಲ್ಲಿ ಬರೆಸಿದ್ದು ಜಗತ್ತಿನಲ್ಲೇ ಅಪರೂಪ. ಆದರೆ ಕಳಿಂಗವನ್ನ ಬಿಟ್ಟುಕೊಟ್ಟೆ ಅನ್ನೋ ಮಾತಿಲ್ಲ. ಒಯ್ದವರನ್ನ ವಾಪಸ್ ಕಳಿಸಿದೆ ಅಂತಲೂ ಇಲ್ಲ. ಅದೇ ಶಾಸನದಲ್ಲಿ ಕಾಡಿನ ಜನಕ್ಕೆ ಎಚ್ಚರಿಕೆ ಇದೆ: ಪಶ್ಚಾತ್ತಾಪ ಪಟ್ಟರೂ ನನಗೆ ಶಕ್ತಿ ಇದೆ, ತಿದ್ದಿಕೊಳ್ಳಿ, ಸಾಯಬೇಡಿ ಅಂತ. ದಾಸರನ್ನ, ಆಳುಗಳನ್ನ ಚೆನ್ನಾಗಿ ನೋಡಿಕೊಳ್ಳಿ ಅಂತಾನೆ, ಬಿಡುಗಡೆ ಮಾಡಿ ಅನ್ನೋದಿಲ್ಲ.

ಈ 13ನೇ ಶಾಸನ ಕಳಿಂಗದಲ್ಲೇ ಇಲ್ಲ! ಒಡಿಶಾದ ಧೌಲಿ, ಜೌಗಡ ಎರಡೂ ಕಡೆ ಅದನ್ನ ಬಿಟ್ಟು ಬೇರೆ ಶಾಸನ ಕೆತ್ತಿಸಿದ್ದಾರೆ. ಅದರಲ್ಲಿ ಎಲ್ಲ ಮನುಷ್ಯರೂ ನನ್ನ ಮಕ್ಕಳು ಅನ್ನೋ ಮಾತಿದೆ. ಮನೆಯವರನ್ನ ಕಳೆದುಕೊಂಡವರ ಎದುರಿಗೆ ಸಾವಿನ ಲೆಕ್ಕ ಇಡೋದು ಬೇಡ ಅನ್ನಿಸಿರಬಹುದು. ಆಡಳಿತಕ್ಕೆ ಅದೇ ಜಾಣತನ.

ಇನ್ನು ನಮ್ಮ ಕೊಪ್ಪಳಕ್ಕೆ ಬನ್ನಿ. ಗವಿಮಠದ ಗುಡ್ಡದ ಮೇಲೆ, ಪಲ್ಲಕ್ಕಿಗುಂಡಿನಲ್ಲಿ ಅಶೋಕನ ಕಿರು ಶಾಸನಗಳಿವೆ. 1931ರಲ್ಲಿ, ನಿಜಾಮರ ಕಾಲದಲ್ಲಿ ಬೆಳಕಿಗೆ ಬಂದವು. ಜಾತ್ರೆಗೆ ಲಕ್ಷಗಟ್ಟಲೆ ಜನ ಬರ್ತಾರೆ, ಆ ಬಂಡೆ ಹತ್ತಿರ ಹೋಗಿ ನೋಡೋರು ಎಷ್ಟು ಮಂದಿ? ಅಲ್ಲಿ ಯುದ್ಧದ ಸುದ್ದಿ ಒಂದಕ್ಷರವೂ ಇಲ್ಲ. ಇರೋ ಮಾತೇ ಬೇರೆ. ಈ ಫಲ ದೊಡ್ಡವರಿಗೆ ಮಾತ್ರ ಅಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ದೊಡ್ಡ ಸ್ವರ್ಗವನ್ನೇ ಪಡೀಬಹುದು ಅಂತಿದೆ. ಇಷ್ಟು ದಿನ ಮನುಷ್ಯರ ಜೊತೆ ಬೆರೆಯದಿದ್ದ ದೇವರುಗಳು ಈಗ ಬೆರೆತರು ಅಂತಲೂ ಇದೆ. ಈ ಸಾಲಿಗೆ ವಿದ್ವಾಂಸರು ಬೇರೆ ಬೇರೆ ಅರ್ಥ ಹೇಳ್ತಾರೆ, ಹೇಳಲಿ. ಆದರೆ ಇದೇ ಜಿಲ್ಲೆಯ ಮಿಯಾಪುರದಲ್ಲಿ 2021ರಲ್ಲಿ ದಲಿತರ ಪುಟ್ಟ ಮಗು ಗುಡಿಯೊಳಗೆ ಹೋಯ್ತು ಅಂತ ಶುದ್ಧೀಕರಣಕ್ಕೆ ದಂಡ ಕೇಳಿದರು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಕಲ್ಲಲ್ಲಿ ಕೊರೆದ ಮಾತು ಗುಡ್ಡದಿಂದ ಊರೊಳಗೆ ಇನ್ನೂ ಇಳಿದಿಲ್ಲ.

ಕೆಲವು ಗೆಳೆಯರಿಗೆ ಸಿಟ್ಟು ಬರಬಹುದು. ಅಶೋಕ ನಮ್ಮವನು, ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ದೀಕ್ಷೆ ತಗೊಂಡಿದ್ದು ಅಶೋಕ ವಿಜಯದಶಮಿ ದಿನ, ಅವನನ್ನೇ ಪ್ರಶ್ನೆ ಮಾಡ್ತೀಯಾ ಅಂತ. ಹೌದು, ಮಾಡ್ತೀನಿ. ಯಾರ ಮಾತನ್ನೂ ಕಣ್ಣುಮುಚ್ಚಿ ಒಪ್ಪಬೇಡಿ ಅಂತ ಹೇಳಿದ್ದು ಬುದ್ಧನೇ ಅಲ್ವಾ? ಅವನ ಧಮ್ಮಕ್ಕೆ ನಮಸ್ಕಾರ. ಆದರೆ ಚಕ್ರವರ್ತಿ ಒಳ್ಳೆಯವನಾದ ಅನ್ನೋ ಖುಷಿಯಲ್ಲಿ, ಅವನ ಒಳ್ಳೆಯತನಕ್ಕೆ ಬೆಲೆ ಕೊಟ್ಟವರು ಮರೆತು ಹೋಗಬಾರದು. ನಾವು ಮರೆತರೆ ಬೇರೆ ಯಾರು ನೆನಪಿಟ್ಟುಕೊಳ್ತಾರೆ? ರಾಜರ ಇತಿಹಾಸದಲ್ಲಿ ಬರೀ ಸಂಖ್ಯೆಯಾಗಿ ಉಳಿದ ಜನ ನಾವೇ ತಾನೆ.

ಅದಕ್ಕೇ ಒಂದು ವಿನಂತಿ. ಜಾತ್ರೆಗೆ ಮಕ್ಕಳನ್ನ ಕರ್ಕೊಂಡು ಹೋದಾಗ ಆ ಬಂಡೆ ತೋರಿಸಿ. ಕಳಿಂಗದ ಕಥೆ ಹೇಳುವಾಗ ಮೊದಲು ಆ ಒಂದೂವರೆ ಲಕ್ಷ ಜನರ ಸುದ್ದಿ ಹೇಳಿ, ಆಮೇಲೆ ಅಶೋಕನ ಹೆಸರು ಹೇಳಿ. ಅವರೆಲ್ಲ ಎಲ್ಲಿ ಹೋದರಪ್ಪಾ ಅಂತ ಮಗು ಕೇಳಿದರೆ, ಅದು ಇತಿಹಾಸ ಓದೋಕೆ ಶುರು ಮಾಡ್ತು ಅಂತ ತಿಳ್ಕೊಳ್ಳಿ.

ಜೈ ಭೀಮ್. ನಮೋ ಬುದ್ಧಾಯ.